ಮೊದಲ ಹತ್ತು ಸುತ್ತು

ಕಳೆದ ತಿಂಗಳು ಮನೆಯ ಮಿಕ್ಸಿ ಸುಟ್ಟುಹೋಯಿತೆಂದು ಗುಬ್ಬಿ ಗೇಟಿನ ಬಳಿಯ ಒಂದು ರಿವೈಂಡಿಂಗ್ ಅಂಗಡಿಗೆ ಹೋಗಿದ್ದೆ. ಅಂಗಡಿಯಾತ ಯಾವುದೋ ಪಂಪಿನ ತಾಮ್ರದ ತಂತಿಯ ಕಾಯಿಲನ್ನು ಆಗಷ್ಟೇ ಸುತ್ತಿ, ವಾರ್ನಿಷಿನಲ್ಲಿ ಅದ್ದಿ, ದೊಡ್ಡ ಬಲ್ಬೊಂದರ ಕಾವಿಗೆ ಒಣಗಲು ಇಟ್ಟಿದ್ದ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಮಿಕ್ಸಿಯನ್ನು ಮೇಜಿನ ಮೇಲಿಟ್ಟು ಹೊರಗೆ ಬಂದು ನಿಂತುಬಿಟ್ಟೆ. "ಯಾಕ್ ಮೇಡಂ, ತಲೆ ಸುತ್ತು ಬಂತಾ? ಈ ವಾಸ್ನೆ ಕೆಲವ್ರಿಗೆ ಆಗಲ್ಲ" ಎಂದು ಆತ ನೀರು ತಂದುಕೊಟ್ಟ. ನನಗೆ ಆಗದ ವಾಸನೆಯೇನಲ್ಲ ಅದು. ಮೂವತ್ತು ವರ್ಷ ಅದರ ನಡುವೆಯೇ ನೌಕರಿ ಮಾಡಿದವಳು ನಾನು. ಆದರೆ ಅದರ ಜೊತೆಗೆ ಇವತ್ತಿಗೂ ಕಣ್ಣಮುಂದೆ ಬರುವುದು ಒಂದೇ ವರ್ಷ, ಆ ವರ್ಷದ ಒಬ್ಬರೇ ಮನುಷ್ಯ. ಗೂಳೂರಿನ ಚಿಕ್ಕರಂಗಯ್ಯ.

ಎಂಬತ್ತರ ದಶಕ ಶುರುವಾಗಿ ಎರಡು ವರ್ಷವಾಗಿತ್ತು. ಇಂಜಿನಿಯರಿಂಗ್ ಮುಗಿಸಿ ವಿದ್ಯುತ್ ಇಲಾಖೆಗೆ ಸೇರಿದ ನನ್ನನ್ನು ಕುಣಿಗಲ್ಲಿಗೆ ಜೂನಿಯರ್ ಇಂಜಿನಿಯರಾಗಿ ಹಾಕಿದ್ದರು. ತುಮಕೂರಿನ ಶೆಟ್ಟಿಹಳ್ಳಿಯಲ್ಲಿ ಅಮ್ಮನ ಜೊತೆ ಎರಡು ಕೋಣೆಯ ಬಾಡಿಗೆ ಮನೆ. ದಿನಾ ಬೆಳಿಗ್ಗೆ ಡಬ್ಬಿ ಕಟ್ಟಿಕೊಂಡು ಕುಣಿಗಲ್ ಬಸ್ಸು. ಆ ಭಾಗದ ಲೈನ್ ಕೆಲಸಕ್ಕೆ ಅದುವರೆಗೆ ಹೆಂಗಸರು ಯಾರೂ ಬಂದಿರಲಿಲ್ಲ. ನನ್ನ ಮೇಲಧಿಕಾರಿ, ಎಲ್ಲರೂ ಬರೀ ಸಾಹೇಬರು ಎಂದು ಕರೆಯುತ್ತಿದ್ದವರು, ಮೊದಲ ದಿನವೇ ಕನ್ನಡಕದ ಮೇಲಿಂದ ನೋಡಿ, "ಕಂಬ ಹತ್ತೋರನ್ನ ದಬಾಯಿಸಿ ಕೆಲ್ಸ ತೆಗೀಬೇಕು ಇಲ್ಲಿ. ನಿಂಗೆ ಆಫೀಸಿನ ಒಳಗಿನ ಕೆಲ್ಸವೇ ವಾಸಿಯಾಗಿತ್ತು ವಿಜಯಾ" ಎಂದಿದ್ದರು. ಒಂದು ವರ್ಷದ ಪ್ರೊಬೇಷನ್. ಅಷ್ಟರೊಳಗೆ ನಾನೊಂದು ತಪ್ಪು ಮಾಡಿದರೆ ಅದನ್ನು ವಿಜಯಾ ಮಾಡಿದಳು ಎನ್ನುವುದಿಲ್ಲ, ಹೆಂಗಸು ಮಾಡಿದಳು ಎನ್ನುತ್ತಾರೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು.

ಆ ಚಳಿಗಾಲದಲ್ಲಿ ಹುತ್ರಿದುರ್ಗದ ಬುಡದ ಒಂದು ಹಳ್ಳಿಗೆ ಹೊಸ ಲೈನು ಎಳೆದೆವು. ನನ್ನ ಉಸ್ತುವಾರಿಯ ಮೊದಲ ಲೈನು. ಕೆರೆ ಅಂಗಳದ ಪಕ್ಕದಿಂದ ಹೊರಟು, ರಾಗಿ ಹೊಲಗಳನ್ನು ದಾಟಿ, ಬೆಟ್ಟದ ಕಡೆ ಏರಿ, ಕೊನೆಯ ಕಂಬದಲ್ಲಿ ಟ್ರಾನ್ಸ್‌ಫಾರ್ಮರು. ಅಲ್ಲಿಂದ ಊರಿನ ಮನೆಗಳಿಗೆ, ನಾಲ್ಕಾರು ಪಂಪಿಗೆ, ಒಂದು ಹಿಟ್ಟಿನ ಗಿರಣಿಗೆ ಕರೆಂಟು. ಟ್ರಾನ್ಸ್‌ಫಾರ್ಮರಿನ ಪಕ್ಕದಲ್ಲೇ ಅರೆಸ್ಟರು ಹಾಕಬೇಕು. ಸಿಡಿಲಿನ ಹೊಡೆತವನ್ನು ಹಿಡಿದು ನೆಲಕ್ಕೆ ಇಳಿಸುವ, ಪಿಂಗಾಣಿ ಕೊಳವೆಯಂಥ ಸಾಧನ ಅದು. ಅದು ಕೆಲಸ ಮಾಡಬೇಕಾದರೆ ಕೆಳಗೆ ಆಳವಾದ, ತೇವದ ಅರ್ತಿಂಗ್ ಗುಂಡಿ ಬೇಕು. ಕೊನೆಯ ಕಂಬದ ಬುಡದಲ್ಲಿ ಸಿಕ್ಕಿದ್ದು ಬಂಡೆ. ಲೈನ್‌ಮನ್ ಮರಿಯಪ್ಪ ಮೂರು ದಿನ ಹಾರೆ ಹಾಕಿದ. ಮೊಣಕಾಲುದ್ದ ಇಳಿಯುವುದರೊಳಗೆ ಅಂಗೈಯಲ್ಲಿ ಬೊಬ್ಬೆ ಎದ್ದವು.

"ಇಂಜಿನಿಯರಮ್ಮಾ, ಇದು ಬೆಟ್ಟದ ಬೇರು. ನಂ ಕೈಲಾಗಲ್ಲ ಬುಡಿ" ಎಂದ.

ನಾನೊಂದು ಉಪಾಯ ಮಾಡಿದೆ. ನಾಲ್ಕು ಕಂಬ ಹಿಂದಕ್ಕೆ, ಕೆರೆ ಅಂಗಳದ ಅಂಚಿನಲ್ಲಿ ಜೌಗು ಮಣ್ಣಿತ್ತು. ಅಲ್ಲಿ ಆಳದ ಗುಂಡಿ ತೋಡಿಸಿ, ಅರೆಸ್ಟರನ್ನು ಅದರ ಪಕ್ಕದ ಕಂಬಕ್ಕೆ ಹಾಕಿಸಿದೆ. ಟ್ರಾನ್ಸ್‌ಫಾರ್ಮರಿನ ಮೈಯಿಂದ ಒಂದು ತಂತಿ ಎಳೆದು ಅದೇ ಗುಂಡಿಗೆ ಸೇರಿಸಿದೆ. ಮೀಟರು ಇಟ್ಟು ನೋಡಿದರೆ ಇಡೀ ಸೆಕ್ಷನ್ನಿನಲ್ಲಿ ಅಷ್ಟು ಒಳ್ಳೆಯ ಅರ್ತಿಂಗ್ ಇರಲಿಲ್ಲ. ಸಾಹೇಬರು ಬಂದು ನೋಡಿ, "ಪರ್ವಾಗಿಲ್ವೇ, ತಲೆ ಓಡ್ಸಿದೀಯ" ಎಂದರು. ಆ ನೌಕರಿಯಲ್ಲಿ ನನಗೆ ಸಿಕ್ಕ ಮೊದಲ ಹೊಗಳಿಕೆ. ಮನೆಗೆ ಹೋಗಿ ಅಮ್ಮನಿಗೆ ಎರಡೆರಡು ಸಲ ಹೇಳಿದೆ.

ಯುಗಾದಿ ಕಳೆದ ಮೇಲೆ ಮೊದಲ ಗುಡುಗು ಮಳೆ ಬಂತು. ಮಧ್ಯಾಹ್ನವೆಲ್ಲ ಕಾದ ಬಂಡೆಗಳ ಮೇಲೆ ನಾಲ್ಕು ಗಂಟೆಗೆ ಮೋಡ ಕವಿದು, ಮಳೆಗಿಂತ ಸಿಡಿಲೇ ಹೆಚ್ಚು. ಮಾರನೆಯ ದಿನ ಹುತ್ರಿದುರ್ಗದ ಟ್ರಾನ್ಸ್‌ಫಾರ್ಮರು ಸತ್ತಿತ್ತು. ಅದನ್ನಿಳಿಸಿ ಲಾರಿಯಲ್ಲಿ ತುಮಕೂರಿನ ರಿಪೇರಿ ಶೆಡ್ಡಿಗೆ ಕಳಿಸಿ, ಅಲ್ಲಿಂದ ಸುತ್ತಿ ಸಿದ್ಧವಾಗಿದ್ದ ಇನ್ನೊಂದನ್ನು ತಂದು ಏರಿಸಿದೆವು. ಹತ್ತು ದಿನ ಬಾಳಿತು. ಮತ್ತೊಂದು ತಂದೆವು. ಮೇ ತಿಂಗಳ ಮೊದಲ ವಾರ ಅದೂ ಹೋಯಿತು. ಪ್ರತಿ ಸಲವೂ ಒಂದೇ ರೀತಿ: ಸಂಜೆ ಸಿಡಿಲು, ಬೆಳಿಗ್ಗೆ ಊರಿನಿಂದ ಸೈಕಲ್ಲಿನಲ್ಲಿ ಸುದ್ದಿ. ಹಳ್ಳಿಯವರಿಗೆ ನನ್ನ ಮುಖ ಕಂಡರೆ ಆಗದಂತಾಯಿತು. ಗಿರಣಿಯವನು ಬಾಗಿಲಲ್ಲಿ ಕೂತು, ನನಗೆ ಕೇಳಿಸುವಂತೆ, "ಬುಡ್ಡಿ ದೀಪನೇ ನಿಯತ್ತು ಕಣ್ಲಾ" ಎಂದು ಪಕ್ಕದವನಿಗೆ ಹೇಳಿದ.

ಸುಟ್ಟ ಮೂರರ ಕಾಯಿಲನ್ನೂ ಸುತ್ತಿದ್ದವರು ಚಿಕ್ಕರಂಗಯ್ಯ. ಶೆಡ್ಡಿನ ಹಳೆಯ ವೈಂಡರು. ಗೂಳೂರಿನಿಂದ ಸೈಕಲ್ಲಿನಲ್ಲಿ ಬರುತ್ತಿದ್ದ, ಐವತ್ತು ದಾಟಿದ, ತೆಳ್ಳನೆಯ ಮನುಷ್ಯ. ಸಾಹೇಬರು ನನಗೆ, "ಶೆಡ್ಡಿಗೆ ಹೋಗಿ ಬಿಚ್ಚಿಸಿ ನೋಡು. ರಿಪೋರ್ಟು ಕೊಡು" ಎಂದರು.

ನಾನು ಹೋದಾಗ ಮೂರನೆಯ ಕಾಯಿಲನ್ನು ಎಣ್ಣೆಯಿಂದ ಎತ್ತಿ ಮರದ ತೊಟ್ಟಿಯಲ್ಲಿ ಇಟ್ಟಿದ್ದರು. ಸುಟ್ಟ ಕಾಗದ, ಎಣ್ಣೆ, ವಾರ್ನಿಷು ಎಲ್ಲ ಸೇರಿ ಉಸಿರು ಕಟ್ಟುವಂತಿತ್ತು. ಚಿಕ್ಕರಂಗಯ್ಯ ನನ್ನನ್ನು ಹತ್ತಿರ ಕರೆದು ಕಾಯಿಲಿನ ಮೇಲ್ತುದಿಗೆ ಬೆರಳಿಟ್ಟು ತೋರಿಸಿದರು.

"ಇಲ್ನೋಡಿ ಅಮ್ಮಾವ್ರೆ. ಲೈನಿನ ತಂತಿ ಒಳಕ್ಕೆ ಬರೋದು ಇಲ್ಲಿ. ಇಲ್ಲಿಂದ ಮೊದ್ಲ ಹತ್ತು ಸುತ್ತು ಸುಟ್ಟವೆ. ಹನ್ನೊಂದ್ನೇದ್ರಿಂದ ಆಚಿಕೆ ಕಾಗ್ದ ನಿನ್ನೆ ಸುತ್ತಿದಂಗದೆ. ಹಿಂದಿನ ಎರಡೂವೆ ಹಿಂಗೇಯ. ನನ್ನ ಕೈ ಕೆಟ್ಟಿದ್ರೆ ಒಂದು ಇಲ್ಲಿ, ಇನ್ನೊಂದು ನಡೂಗೆ, ಎಲ್ಲಾದ್ರೂ ಕೆಡ್ಬೇಕಿತ್ತು. ಮೂರೂ ಒಂದೇ ಜಾಗದಾಗೆ ಯಾಕೆ? ಈ ತುದಿಗೆ ನಾನು ಕಾಗ್ದ ಒಂದು ಪದ್ರ ಹೆಚ್ಗೇ ಸುತ್ತಿರ್ತೀನಿ."

"ಹಾಗಾದ್ರೆ ಯಾಕೆ ಅಂತೀರಾ?"

"ಅದು ನಿಮಗೆ ಗೊತ್ತಾಗ್ಬೇಕು. ಹೊಡ್ತ ಹೊರ್ಗಿಂದ ಬಂದದೆ ಅನ್ನೋದಷ್ಟೇ ನಂಗೆ ಗೊತ್ತು."

ಉತ್ತರವನ್ನು ಅವರು ನನ್ನ ಕೈಯಲ್ಲೇ ಇಟ್ಟಿದ್ದರು. ನನಗದು ತಪ್ಪು ಮುಚ್ಚಿಕೊಳ್ಳುವ ಕೆಲಸಗಾರನ ಮಾತಿನಂತೆ ಕೇಳಿಸಿತು. ಹೊರಗಿನ ಹೊಡೆತಕ್ಕೆ ಅರೆಸ್ಟರು ಇತ್ತಲ್ಲ, ಅಷ್ಟು ಚೆನ್ನಾದ ಅರ್ತಿಂಗಿನ ಜೊತೆ! ಶೆಡ್ಡಿನಲ್ಲಿ ಯಾರೋ, "ಮುದುಕನ ಕಣ್ಣಿಗೆ ಪೊರೆ ಬಂದದೆ, ಬೆರಳಲ್ಲಿ ತಡವಿ ಸುತ್ತುತಾನೆ" ಎಂದೂ ಹೇಳಿದರು. ನಾನು ಅದನ್ನು ವಿಚಾರಿಸಲಿಲ್ಲ. ರಿಪೋರ್ಟಿನಲ್ಲಿ ಬರೆದೆ: ಲೈನ್ ಕಡೆಯ ಸುತ್ತುಗಳ ಕಾಗದದ ಹೊದಿಕೆ ದುರ್ಬಲ, ಸುತ್ತುವಿಕೆಯಲ್ಲಿ ದೋಷ. ಕೆಳಗೆ ನನ್ನ ಸಹಿ.

ಒಂದು ವಾರದಲ್ಲಿ ಚಿಕ್ಕರಂಗಯ್ಯನವರನ್ನು ಸುತ್ತುವ ಕೆಲಸದಿಂದ ತೆಗೆದು ಗುಬ್ಬಿಯ ಸ್ಟೋರಿಗೆ ಹಾಕಿದರು. ಸರ್ವೀಸ್ ಪುಸ್ತಕದಲ್ಲಿ ಅವರ ಕೆಲಸದ ದೋಷವೆಂದು ಒಂದು ಸಾಲು ಬಿತ್ತು. ಇಪ್ಪತ್ತೇಳು ವರ್ಷದ ನೌಕರಿಯಲ್ಲಿ ಮೊದಲನೆಯದಂತೆ. ಹುತ್ರಿದುರ್ಗಕ್ಕೆ ಬೇರೊಬ್ಬ ಸುತ್ತಿದ ಟ್ರಾನ್ಸ್‌ಫಾರ್ಮರನ್ನು ಏರಿಸಿದೆವು.

ಮೇ ಕೊನೆಯಲ್ಲಿ ಬಿರುಗಾಳಿಗೆ ಆ ಲೈನಿನ ಒಂದು ತಂತಿ ಕೆರೆ ಅಂಗಳದ ಬಳಿ ಕಿತ್ತುಬಿತ್ತು. ಲೈನ್ ಆಫ್ ಮಾಡಿ ಮರಿಯಪ್ಪನ ತಂಡ ಮತ್ತೆ ಎಳೆಯುತ್ತಿತ್ತು. ನಾನು ಬದುವಿನ ಮೇಲೆ ಕೊಡೆ ಹಿಡಿದು ಕೂತಿದ್ದೆ. ಮರಿಯಪ್ಪ ಈ ತುದಿಯ ಕಂಬದ ಮೇಲಿದ್ದ. ಆ ತುದಿ ಇನ್ನೂ ಬಿಗಿದಿರಲಿಲ್ಲ. ತಂತಿ ಉದ್ದನೆಯ ಹಗ್ಗದ ಕುಣಿಕೆಯೊಂದರಲ್ಲಿ ಸಡಿಲವಾಗಿ ತೂಗುತ್ತಿತ್ತು. ತಂತಿಯ ಬಿಗಿ ನೋಡಲೆಂದು ಮರಿಯಪ್ಪ ಅಂಗೈಯಿಂದ ಒಂದೇಟು ಹೊಡೆದ. ತಂತಿಯಲ್ಲಿ ಒಂದು ಸಣ್ಣ ಗೂನು ಎದ್ದು ಸರಸರ ಓಡುತ್ತ ಹೋಯಿತು. ಸಡಿಲ ತುದಿ ಮುಟ್ಟಿದ್ದೇ ತಡ, ದುಪ್ಪಟ್ಟು ಎತ್ತರಕ್ಕೆ ಚಿಮ್ಮಿ, ಹಗ್ಗ ಹಿಡಿದು ಕಂಬದ ಮೇಲಿದ್ದವನ ತಲೆಯ ಟವೆಲ್ಲನ್ನು ಹಾರಿಸಿಬಿಟ್ಟಿತು.

"ಏನ್ಲಾ ಮರಿಯಾ, ಸಾಯಿಸ್‌ಬುಟ್ಟೀಯ!"

"ಬಿಗೀದೆ ಬುಟ್ರೆ ಹಂಗೇ ಕಣ್ಲಾ" ಎಂದು ಮರಿಯಪ್ಪ ನಕ್ಕ. "ನಾನಿಲ್ಲಿ ಗೇಣುದ್ದ ಎಬ್ಬಿಸ್ದೆ, ಅಲ್ಲಿ ಮೊಳದುದ್ದ ಎದ್ದದೆ."

ನಾನು ಕೊಡೆ ಕೆಳಗಿಟ್ಟು ಕೊನೆಯ ಕಂಬದ ಕಡೆ ನೋಡಿದೆ. ಇದು ನನಗೆ ಗೊತ್ತಿದ್ದ ವಿಷಯ. ಕಾಲೇಜಿನ ಕೊನೆಯ ವರ್ಷದ ಪರೀಕ್ಷೆಯಲ್ಲಿ ಎರಡು ಪುಟ ಬರೆದು ಪೂರ್ತಿ ಮಾರ್ಕ್ಸು ತೆಗೆದುಕೊಂಡಿದ್ದೆ. ಸಿಡಿಲು ಹತ್ತಿರದಲ್ಲಿ ಬಿದ್ದಾಗ ವೋಲ್ಟೇಜು ಇಡೀ ತಂತಿಯಲ್ಲಿ ಒಂದೇ ಸಲ ಏರುವುದಿಲ್ಲ, ಅಲೆಯಾಗಿ ಓಡುತ್ತದೆ. ಮುಂದೆ ದಾರಿಯಿಲ್ಲದ ತೆರೆದ ತುದಿ ಸಿಕ್ಕರೆ ಅಲ್ಲಿ ಇಮ್ಮಡಿಯಾಗಿ ಎದ್ದು, ಬಂದ ದಾರಿಗೇ ಹಿಂದಿರುಗುತ್ತದೆ. ನಮ್ಮ ದಿನನಿತ್ಯದ ಕರೆಂಟಿಗೆ ಟ್ರಾನ್ಸ್‌ಫಾರ್ಮರು ಒಳಗೆ ಬಿಡುವ ಬಾಗಿಲು. ಆದರೆ ಅಷ್ಟು ಬಿರುಸಿನ ಅಲೆಯನ್ನು ಅದು ಒಳಗೆ ಬಿಡುವುದಿಲ್ಲ. ಆ ಅಲೆಯ ಮಟ್ಟಿಗೆ ಲೈನು ಅಲ್ಲಿಗೇ ಮುಗಿದಂತೆ. ನಾನು ಹಾಕಿಸಿದ ಅರೆಸ್ಟರು ತನ್ನ ಕಂಬದಲ್ಲಿ ಅಲೆಯ ತಲೆ ಕತ್ತರಿಸುತ್ತಿತ್ತು, ನಿಜ. ಕತ್ತರಿಸಿ ಉಳಿದದ್ದು ನಾಲ್ಕು ಕಂಬ ಮುಂದಕ್ಕೆ ಓಡಿ, ಟ್ರಾನ್ಸ್‌ಫಾರ್ಮರಿಗೆ ಬಡಿದು ಮತ್ತೆ ಇಮ್ಮಡಿಯಾಗುತ್ತಿತ್ತು. ಅದು ವಾಪಸು ಬಂದು ಅರೆಸ್ಟರನ್ನು ಮುಟ್ಟುವ ಹೊತ್ತಿಗೆ ಟ್ರಾನ್ಸ್‌ಫಾರ್ಮರಿನ ಕತೆ ಮುಗಿದಿರುತ್ತಿತ್ತು. ಅಂಥ ಅಲೆ ಕಾಯಿಲಿನ ಒಳಗೆಲ್ಲ ಸಮನಾಗಿ ಹರಡುವುದೂ ಇಲ್ಲ. ಅದರ ಭಾರವೆಲ್ಲ ಬೀಳುವುದು ಲೈನಿನ ಕಡೆಯ ಮೊದಲ ಕೆಲವು ಸುತ್ತುಗಳ ಮೇಲೆ. ಚಿಕ್ಕರಂಗಯ್ಯ ಬೆರಳಿಟ್ಟು ತೋರಿಸಿದ್ದು ಅದನ್ನೇ.

ತಪ್ಪು ನನ್ನದು. ಅದೃಷ್ಟ ಕೆಟ್ಟದ್ದಲ್ಲ, ಯಾರೂ ಊಹಿಸಲಾಗದ್ದೂ ಅಲ್ಲ. ಓದಿದ್ದೆ, ಬರೆದಿದ್ದೆ, ಕೆರೆ ಮಣ್ಣಿನ ತೇವ ನೋಡಿ ಮರೆತಿದ್ದೆ.

ಮಾರನೆಯ ದಿನವೇ ಕಲ್ಲು ಒಡೆಯುವವರನ್ನು ಕರೆಸಿದೆ. ಮದ್ದಿಟ್ಟು ಬಂಡೆ ಸಿಡಿಸಿ, ಆಳದ ಗುಂಡಿಗೆ ಇದ್ದಿಲು ಉಪ್ಪು ತುಂಬಿಸಿ, ಅರೆಸ್ಟರನ್ನು ಕಿತ್ತು ತಂದು ಟ್ರಾನ್ಸ್‌ಫಾರ್ಮರಿನ ಮಗ್ಗುಲಿಗೇ ಕಟ್ಟಿಸಿದೆ. "ಯಾಕಮ್ಮಾ, ಅಲ್ಲಿ ಚೆಂದಾಗೇ ಇತ್ತಲ್ಲ?" ಎಂದು ಮರಿಯಪ್ಪ ಕೇಳಿದ. "ಮೇಲಿನ ಆರ್ಡರು" ಎಂದೆ. ರಿಜಿಸ್ಟರಿನಲ್ಲಿ ವಾಡಿಕೆಯ ನಿರ್ವಹಣೆ ಎಂದು ಬರೆದೆ.

ಜೂನಿನಲ್ಲಿ ಎಂಥೆಂಥ ಸಿಡಿಲು ಬಂದವು! ಬೆಟ್ಟದ ನೆತ್ತಿಯ ಮೇಲೇ ಸಿಡಿದಂತಾಗುತ್ತಿತ್ತು. ಟ್ರಾನ್ಸ್‌ಫಾರ್ಮರು ಅಲುಗಲಿಲ್ಲ. ತಿಂಗಳ ಮೀಟಿಂಗಿನಲ್ಲಿ ಸಾಹೇಬರು ಎಲ್ಲರ ಎದುರಿಗೆ, "ನೋಡಿದ್ರಾ, ಆ ಮುದುಕನ ಕೈ ತಪ್ಪಿಸಿದ್ಮೇಲೆ ಒಂದೂ ಸುಟ್ಟಿಲ್ಲ. ವಿಜಯಾ ಸರಿಯಾಗಿ ಹಿಡಿದ್ಲು" ಎಂದರು. ನಾನು ಮುಂದಿದ್ದ ಫೈಲಿನ ದಾರ ಬಿಚ್ಚಿ ಕಟ್ಟುತ್ತ ಕೂತಿದ್ದೆ.

ಹೇಳಬೇಕು ಎಂದು ದಿನಾ ಅಂದುಕೊಳ್ಳುತ್ತಿದ್ದೆ. ಬಸ್ಸಿನಲ್ಲಿ ಕೂತು ಮಾತು ಜೋಡಿಸುತ್ತಿದ್ದೆ. ಇಳಿಯುವ ಹೊತ್ತಿಗೆ ಪ್ರೊಬೇಷನ್ ಮುಗಿಯಲಿ ಎನ್ನುವಲ್ಲಿಗೆ ಬಂದು ನಿಲ್ಲುತ್ತಿತ್ತು. ಅಮ್ಮನಿಗೂ ಹೇಳಲಿಲ್ಲ. ಮಳೆಗಾಲದುದ್ದಕ್ಕೂ ಅನ್ನ ಸೇರದೆ ಬಡಕಲಾದೆ. ಅಮ್ಮ ಅದನ್ನು ಬಸ್ಸಿನ ಓಡಾಟದ ಮೇಲೆ ಹಾಕಿದಳು.

ಜುಲೈಯಲ್ಲಿ ಕಂಬಗಳಿಗೆ ಹಾಕುವ ಪಿಂಗಾಣಿ ಸಾಮಾನು ತರಲು ಗುಬ್ಬಿ ಸ್ಟೋರಿಗೆ ಹೋಗಲೇಬೇಕಾಯಿತು. ಜಿಟಿಜಿಟಿ ಮಳೆ. ಅಂಗಳದಲ್ಲಿ ಹಳೆಯ ಡ್ರಮ್ಮುಗಳು, ತುಕ್ಕು ಹಿಡಿದ ಕ್ಲ್ಯಾಂಪುಗಳು. ತಗಡಿನ ಚಾವಣಿಯ ಕೆಳಗೆ ಚಿಕ್ಕರಂಗಯ್ಯ ಗೋಣಿತಾಟಿನ ಮೇಲೆ ಕೂತು ಒಡೆದ ಪಿಂಗಾಣಿಗಳನ್ನು ಬೇರೆ ಮಾಡುತ್ತಿದ್ದರು. ನನ್ನನ್ನು ಕಂಡು ಎದ್ದು ನಿಂತರು. ಮುಖದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನನಗೆ ಬಾಯಿ ಬರುತ್ತಿತ್ತೇನೋ.

"ಹುತ್ರಿದುರ್ಗದ್ದು ನಿಂತ್ಕಂತಂತೆ ಅಮ್ಮಾವ್ರೆ?"

"ಹೂಂ. ನಿಂತಿದೆ."

"ಸಿಡ್ಲು ಜಾಸ್ತಿನೇ ಇತ್ತಲ್ಲ ಈ ಸಲ?"

"ಇತ್ತು."

ಅವರು ಕೈಯಲ್ಲಿದ್ದ ಪಿಂಗಾಣಿಯ ಚೂರನ್ನು ತಿರುಗಿಸಿ ನೋಡಿದರು. "ಹಂಗಾದ್ರೆ ನನ್ನ ಕೈದೇ ಇರ್ಬೇಕು ಬುಡಿ. ನಾನು ವಾದ ಮಾಡ್ಬಾರ್ದಿತ್ತು ನಿಮ್ಮತ್ರ. ಮನ್ಸಿಗಿಟ್ಕಬೇಡಿ."

ನಾನು ಚೀಟಿಗೆ ಸಹಿ ಹಾಕಿ, ಸಾಮಾನು ಲಾರಿಗೆ ಹಾಕಿಸಿ, ಮುಂದಿನ ಸೀಟಿನಲ್ಲಿ ಕೂತು ಹೊರಟೆ. ರಿಪೋರ್ಟು ಬರೆದದ್ದು ತಿಳಿಯದೆ. ಗುಬ್ಬಿಯಲ್ಲಿ ಸುಮ್ಮನಿದ್ದದ್ದು ತಿಳಿದೂ ತಿಳಿದೂ. ಈ ಎರಡರಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಎರಡನೆಯದು.

ಆ ವಾರವೇ ನಡೆದದ್ದನ್ನೆಲ್ಲ ಮೂರು ಪುಟ ಬರೆದು ಸಾಹೇಬರ ಮುಂದಿಟ್ಟೆ. ಅವರು ಪೂರ್ತಿ ಓದಿದರು. ದಡ್ಡರಲ್ಲ ಅವರು, ಎರಡನೆಯ ಪುಟದ ಚಿತ್ರ ನೋಡಿದಾಗಲೇ ಅವರಿಗೆ ಎಲ್ಲ ತಿಳಿಯಿತು. ಅರೆಸ್ಟರಿನ ಜಾಗ ನೋಡಿ ಹೊಗಳಿದವರೂ ಅವರೇ ತಾನೆ. ಕಾಗದಗಳನ್ನು ಮಡಚಿ ನನ್ನ ಕಡೆ ತಳ್ಳಿ, "ಅಕ್ಟೋಬರಿಗೆ ನಿನ್ನ ಪ್ರೊಬೇಷನ್ ಮುಗಿಯುತ್ತೆ. ಇದನ್ನ ನಾನು ನೋಡಿಲ್ಲ. ತಗೊಂಡ್ ಹೋಗು" ಎಂದರು.

ತೆಗೆದುಕೊಂಡು ಹೋದೆ. ಮೂರು ತಿಂಗಳು ಅದು ನನ್ನ ಬ್ಯಾಗಿನಲ್ಲಿ, ಊಟದ ಡಬ್ಬಿಯ ಕೆಳಗೆ ಇತ್ತು.

ನೌಕರಿ ಕಾಯಂ ಆದ ಆದೇಶ ಬಂದ ಮರುದಿನ ಅದೇ ಮೂರು ಪುಟಗಳಿಗೆ ಹೊಸ ತಾರೀಖು ಹಾಕಿ, ನೇರ ಮೇಲಿನ ಕಚೇರಿಗೆ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿದೆ. ಧೈರ್ಯ ಎಂದು ಅದನ್ನು ಕರೆಯಲಾರೆ. ಅಷ್ಟು ಹೊತ್ತಿಗೆ ನನಗೆ ಕಳೆದುಕೊಳ್ಳುವಂಥದ್ದು ಏನೂ ಉಳಿದಿರಲಿಲ್ಲ. ನನಗೆ ಒಂದು ಎಚ್ಚರಿಕೆ ಪತ್ರ ಬಂತು. ಲೈನಿನಿಂದ ತೆಗೆದು ರಿಪೇರಿ ಶೆಡ್ಡಿನ ಉಸ್ತುವಾರಿಗೆ ಹಾಕಿದರು. ಶಿಕ್ಷೆ ಎನ್ನುವ ಅರ್ಥದಲ್ಲೇ ಹಾಕಿದ್ದು. ಚಿಕ್ಕರಂಗಯ್ಯನವರ ಸರ್ವೀಸ್ ಪುಸ್ತಕದ ಆ ಸಾಲನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿ, ಮೊದಲಿನ ಕೆಲಸಕ್ಕೇ ವಾಪಸು ಕಳಿಸಿದರು.

ಅವರು ಬಂದದ್ದು ಡಿಸೆಂಬರಿನ ಒಂದು ಸೋಮವಾರ. ಮಂಜು ಕರಗುವ ಮುಂಚೆಯೇ ಸೈಕಲ್ಲು ಒರಗಿಸಿ ಬಾಗಿಲಲ್ಲಿ ನಿಂತಿದ್ದರು. ನಾನು ಎಲ್ಲರನ್ನೂ ಕರೆದು, ಟ್ರಾನ್ಸ್‌ಫಾರ್ಮರು ಸುಟ್ಟದ್ದು ನನ್ನ ತಪ್ಪಿನಿಂದ, ಸುತ್ತಿದ್ದರಲ್ಲಿ ಏನೂ ದೋಷ ಇರಲಿಲ್ಲ ಎಂದು ಬಾಯಿಬಿಟ್ಟು ಹೇಳಿದೆ. ಆಮೇಲೆ ಅವರೊಬ್ಬರನ್ನೇ ಕೂರಿಸಿಕೊಂಡು, ಸೀಮೆಸುಣ್ಣದಲ್ಲಿ ನೆಲದ ಮೇಲೆ ಕಂಬಗಳನ್ನು ಬರೆದು, ಅಲೆ ಎಲ್ಲಿಂದ ಬಂತು, ಎಲ್ಲಿ ಇಮ್ಮಡಿಯಾಯಿತು, ಯಾಕೆ ಮೊದಲ ಸುತ್ತುಗಳೇ ಸುಟ್ಟವು ಎಂದು ವಿವರಿಸಿದೆ. ತಲೆಯಾಡಿಸುತ್ತ ಕೇಳಿದರು.

"ಗುಬ್ಬಿಗೆ ಬಂದಾಗ ನಿಮಗೆ ಗೊತ್ತಿತ್ತಾ ಇದು?" ಎಂದು ಕೇಳಿದರು.

"ಗೊತ್ತಿತ್ತು."

ಅವರು ಆ ಗೆರೆಗಳ ಮೇಲೆ ಇನ್ನೊಮ್ಮೆ ಕಣ್ಣಾಡಿಸಿದರು. ಎದ್ದು ಹೋಗಿ ಸುತ್ತುವ ಯಂತ್ರದ ಮುಂದೆ ಕೂತರು.

ಇಲ್ಲಿಗೆ ಎಲ್ಲ ಸರಿಹೋಯಿತು ಎಂದು ನಾನು ನಂಬಿದ್ದೆ. ನಾಲ್ಕು ದಿನದಲ್ಲಿ ಮುಗಿಯುವ ಕಾಯಿಲು ಅವರ ಕೈಯಲ್ಲಿ ಎರಡು ವಾರವಾದರೂ ಮುಗಿಯಲಿಲ್ಲ. ಬೆಳಿಗ್ಗೆ ಒಂದು ಪದರ ಸುತ್ತುವರು, ಬೆರಳಿಂದ ತಡವುವರು, ಕಿಟಕಿಯ ಬೆಳಕಿಗೆ ತಿರುಗಿಸಿ ನೋಡುವರು, ಮಧ್ಯಾಹ್ನ ಬಿಚ್ಚುವರು. ಜೊತೆಯವರು ಮೊದಲು ನಕ್ಕರು, ಆಮೇಲೆ ನಗುವುದು ಬಿಟ್ಟರು. ಒಂದು ದಿನ ಊಟದ ಹೊತ್ತಿಗೆ ಚಿಕ್ಕರಂಗಯ್ಯ ನನ್ನ ಮೇಜಿನ ಬಳಿ ಬಂದು ನಿಂತರು.

"ಅಮ್ಮಾವ್ರೆ, ಒಂದಪ ಬಂದು ನೋಡ್ತೀರಾ? ಸರಿ ಬಂದದಾ ಅಂತ."

ಜೀವಮಾನದಲ್ಲಿ ಒಂದು ಸುತ್ತನ್ನೂ ಸುತ್ತದವಳು ನಾನು. ಹೋಗಿ ನೋಡಿದೆ. ತಾಮ್ರದ ಸುತ್ತುಗಳು ಒಂದಕ್ಕೊಂದು ಅಂಟಿಕೊಂಡು, ಬಾಚಿದ ಕೂದಲಿನಂತೆ ಕೂತಿದ್ದವು. ಅಷ್ಟು ಚೆಂದದ ಕೆಲಸವನ್ನು ಆಮೇಲಿನ ಮೂವತ್ತು ವರ್ಷದಲ್ಲಿ ನಾನು ಕಾಣಲಿಲ್ಲ.

"ತುಂಬಾ ಚೆನ್ನಾಗಿದೆ ರಂಗಯ್ಯನೋರೆ. ಮುಂದಕ್ಕೆ ಸುತ್ತಿ."

"ನಿಜ ಹೇಳ್ತಿದೀರಾ?"

"ನಿಜ."

ಅವರು ನನ್ನ ಮುಖವನ್ನೇ ನೋಡಿದರು. ಗುಬ್ಬಿಯಲ್ಲೂ ನನ್ನ ಮುಖ ಹೀಗೇ ಇದ್ದಿರಬೇಕು. ಸರಿ ಎಂದು ಹೋದರು. ಸಂಜೆ ನಾನು ಹೊರಡುವಾಗ ಆ ಪದರವನ್ನೂ ಬಿಚ್ಚಿ ತಂತಿಯನ್ನು ರೀಲಿಗೆ ಸುತ್ತಿಡುತ್ತಿದ್ದರು.

ಸಂಕ್ರಾಂತಿ ಮುಗಿದ ವಾರ ಸ್ವಯಂ ನಿವೃತ್ತಿಯ ಅರ್ಜಿ ತಂದು ನನ್ನ ಮುಂದಿಟ್ಟರು. ಹೊರಗೆ ಅವರ ಮಗಳು ಸೈಕಲ್ಲು ಹಿಡಿದು ಕಾಯುತ್ತಿದ್ದಳು. ಇನ್ನೂ ವರ್ಷಗಟ್ಟಲೆ ನೌಕರಿ ಇತ್ತು. ಬೇಡ ಎಂದು ಏನೇನೋ ಹೇಳಿದೆ. "ಕೈ ಏಳ್ತಿಲ್ಲ ಅಮ್ಮಾವ್ರೆ, ಬುಟ್ಬುಡಿ" ಎಂದಷ್ಟೇ ಹೇಳಿದರು. ಕಾರಣ ಎಂದಿದ್ದ ಕಡೆ, ಕಣ್ಣು ಸರಿಯಾಗಿ ಕಾಣುವುದಿಲ್ಲ ಎಂದು ತಾವೇ ಬರೆದಿದ್ದರು. ಸಣ್ಣ, ದುಂಡನೆಯ ಅಕ್ಷರ. ಒಂದಕ್ಷರವೂ ಗೆರೆಯಿಂದ ಕೂದಲೆಳೆಯಷ್ಟು ಮೇಲೆ ಹೋಗಿರಲಿಲ್ಲ, ಕೆಳಗೆ ಇಳಿದಿರಲಿಲ್ಲ. ನಾನು ಅದರ ಕೆಳಗೆ ಸಹಿ ಹಾಕಿ ಮೇಲಕ್ಕೆ ಕಳಿಸಿದೆ.